ಬಾವಿ ಸರ್ಕಲ್, ಗಿರಣಿ ಸರ್ಕಲ್

ನಮ್ಮೂರಿನಲ್ಲಿ ಬೆಳಗಿನ ಹೊತ್ತು ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮಂಜು ಇರುತ್ತದೆ. ಕೋಳಿ ಕೂಗುವ ಮೊದಲೇ ಬಂದು ಕೂತರೆ ಬಿಸಿಲು ನೆತ್ತಿಗೆ ಬರುವವರೆಗೂ ಏಳುವುದಿಲ್ಲ. ಚಾಚಿದ ಕೈಯ ಬೆರಳು ಕಾಣದಷ್ಟು ದಟ್ಟ. ಹಾಗಂತ ಊರು ಕಂಬಳಿ ಹೊದ್ದು ಮಲಗಿರುವುದಕ್ಕೆ ಆಗುತ್ತದೆಯೇ? ಹಾಲಿನವಳು ಕೈಗೆ ಗೆಜ್ಜೆ ಕಟ್ಟಿಕೊಂಡು ಓಡಾಡುತ್ತಾಳೆ, ಮೇಷ್ಟರು ಕೆಮ್ಮುತ್ತಾ ಶಾಲೆಗೆ ಹೋಗುತ್ತಾರೆ, ಮದುವೆಯ ಮುಹೂರ್ತಗಳನ್ನೆಲ್ಲ ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳುತ್ತಾರೆ. ಜನ ದಾರಿ ತಪ್ಪಬಾರದೆಂದು ಸರ್ಕಾರ ಸರ್ಕಲ್ಲಿಗೊಬ್ಬರಂತೆ ಕೂಗಾಳುಗಳನ್ನು ಇಟ್ಟಿತ್ತು. ನಾನು ಬಾವಿ ಸರ್ಕಲ್ಲಿನ ಕೂಗಾಳು.

ಕೆಲಸ ಹೇಳಿಕೊಳ್ಳುವುದಕ್ಕೆ ಸುಲಭ. ಹೆಜ್ಜೆ ಸಪ್ಪಳ ಕೇಳಿದ ಕೂಡಲೇ "ಬನ್ನೀ, ಇದು ಬಾವಿ ಸರ್ಕಲ್. ಎಡಕ್ಕೆ ಆಸ್ಪತ್ರೆ. ಬಲಕ್ಕೆ ಬಾವಿ, ಕಟ್ಟೆ ಒಡೆದಿದೆ, ಹುಷಾರು. ನೆಟ್ಟಗೆ ಹೋದ್ರೆ ಗಿರಣಿ" ಎಂದು ಕೂಗಬೇಕು. ದಾಟಿದವರು ಆಚೆ ಬದಿಯಿಂದ ತಮ್ಮ ಹೆಸರು ಹೇಳಿ "ದಾಟ್ದೆ" ಅನ್ನಬೇಕು. ಹಾಗೆ ಅಂದ ಮೇಲೆಯೇ ನಮ್ಮ ಜವಾಬ್ದಾರಿ ಮುಗಿಯುವುದು. ಬೆಳಗಾದರೆ ಅಷ್ಟೊಂದು ಜನ ದಾಟುತ್ತಿದ್ದರು, ಒಬ್ಬರ ಮುಖವೂ ನನಗೆ ಗೊತ್ತಿಲ್ಲ. ಆದರೆ ಯಾರಿಗೆ ನೆಗಡಿ, ಯಾರು ಹೆಂಡತಿಯ ಹತ್ತಿರ ಜಗಳವಾಡಿ ಬಂದಿದ್ದಾರೆ, ಯಾರ ಚಪ್ಪಲಿಯ ಉಂಗುಷ್ಟ ಕಿತ್ತಿದೆ, ಎಲ್ಲ ಗೊತ್ತು. ಮಂಜು ಎದ್ದ ಮೇಲೆ ಮಾತ್ರ ಕೂಗಾಳುಗಳು ಬಾಯಿ ಬಿಡುವ ಹಾಗಿರಲಿಲ್ಲ. ಗಂಟಲು ಸರ್ಕಾರದ್ದು, ಅದನ್ನು ಸಂತೆಯಲ್ಲಿ ಚೌಕಾಸಿ ಮಾಡಿ ಹಾಳುಮಾಡಿಕೊಳ್ಳಬಾರದು ಎಂದು ನಿಯಮ. ಹಾಗಾಗಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಬದನೆಕಾಯಿ ಬೇಕಾದರೂ ಬೆರಳು ತೋರಿಸಿ ತರುತ್ತಿದ್ದೆ.

ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸ ಅದು. ಮಕ್ಕಳಿಲ್ಲ. ತವರಿನಲ್ಲಿ ಅಣ್ಣ ಇದ್ದಾನೆ. ಅತ್ತಿಗೆ ಮೊದಮೊದಲು ಹಬ್ಬಕ್ಕೆ ಕರೆಯುತ್ತಿದ್ದಳು. ಹೋದರೆ ನಾನು ಮಾತಾಡುವ ಹಾಗಿಲ್ಲ. ಮೂಕಿಯ ಹಾಗೆ ಕೂತು ಹೋಳಿಗೆ ತಿಂದು ಎದ್ದು ಬರುತ್ತಿದ್ದೆ. ಆಮೇಲಾಮೇಲೆ ಅವಳು ಕರೆಯುವುದನ್ನು ಬಿಟ್ಟಳು. ಅವಳನ್ನು ಬೈದು ಏನು ಪ್ರಯೋಜನ? ಕೆಲಸವಾದರೂ ಗಟ್ಟಿಯೇ ಅಂದರೆ ಅದೂ ಇಲ್ಲ. ವರ್ಷಕ್ಕೊಮ್ಮೆ ಕಚೇರಿಯಿಂದ ಯಾರೋ ಬಂದು "ಮುಂದುವರಿಸಿದೆ" ಎಂದು ಹೇಳಿ ಹೋಗುತ್ತಿದ್ದರು. ಆ ಒಂದು ಮಾತಿಗೆ ವರ್ಷವಿಡೀ ಜೀವ ಹಿಡಿದುಕೊಂಡಿರುತ್ತಿದ್ದೆವು. ಖಾಯಂ ಆಗುವುದೆಂದರೆ ನಮ್ಮ ಪಾಲಿಗೆ ಮೋಕ್ಷವೇ.

ಇನ್ನು ಗಿರಣಿಯವರ ವಿಷಯ ಹೇಳಬೇಕು. ಅವರು ಗಿರಣಿ ಸರ್ಕಲ್ಲಿನ ಕೂಗಾಳು. ಕೂಗಾಳುಗಳು ಒಬ್ಬರನ್ನೊಬ್ಬರು ಸರ್ಕಲ್ಲಿನ ಹೆಸರು ಹಿಡಿದೇ ಕರೆಯುವುದು. ನನ್ನ ಸರ್ಕಲ್ಲಿಗೂ ಅವರದಕ್ಕೂ ನಡುವೆ ಒಂದೇ ಬೀದಿ, ಜನರಿಲ್ಲದ ಹೊತ್ತಿನಲ್ಲಿ ಒಬ್ಬರ ಕೂಗು ಇನ್ನೊಬ್ಬರಿಗೆ ಚೆನ್ನಾಗಿ ಕೇಳುತ್ತಿತ್ತು. ನಾನು ಸೇರಿದ ಹೊಸತರಲ್ಲಿ ಹೆದರಿಕೆಗೆ ದನಿ ನಡುಗುತ್ತಿತ್ತು. ಒಂದು ಬೆಳಿಗ್ಗೆ ಬೀದಿಯ ಆ ತುದಿಯಿಂದ ಗಂಡಸಿನ ದನಿಯೊಂದು, "ಬಾವಿಯೋರೇ, ತಿಂಡಿ ಆಯ್ತಾ?" ಎಂದಿತು. ಖಾಲಿ ಹೊಟ್ಟೆಯಲ್ಲಿ ಕೂಗಿದರೆ ದನಿ ನಿಲ್ಲುವುದಿಲ್ಲ ಎಂದು ತಿಳಿಸುವುದಕ್ಕಾಗಿ ಕೇಳಿದ್ದು. ಮರುದಿನವೂ ಕೇಳಿದರು. ಆಮೇಲೆ ಒಂದು ದಿನವೂ ತಪ್ಪಲಿಲ್ಲ.

"ಆಯ್ತು ಗಿರಣಿಯೋರೇ, ನಿಮ್ದು?"

"ಆಯ್ತು. ಇವತ್ತೂ ಇಡ್ಲಿ. ನೆನ್ನೇದು ಅನ್ಸುತ್ತೆ, ಹುಳಿ ಹೊಡೀತಿದೆ."

ಇಷ್ಟೇ ಮಾತು. ಅಷ್ಟರಲ್ಲಿ ಯಾರಾದರೂ ದಾಟುವವರು ಬಂದೇ ಬರುತ್ತಿದ್ದರು. ಅವರ ವಯಸ್ಸೆಷ್ಟು, ದಪ್ಪಗಿದ್ದಾರೋ ಸಣ್ಣಗಿದ್ದಾರೋ, ಮನೆಯಲ್ಲಿ ಯಾರಿದ್ದಾರೆ, ನನಗೇನೂ ತಿಳಿಯದು. ಹಗಲು ಹೊತ್ತು ರೇಷನ್ ಅಂಗಡಿಯ ಸಾಲಿನಲ್ಲಿ ಪಕ್ಕಪಕ್ಕ ನಿಂತಿದ್ದರೂ ಇರಬಹುದು. ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರೆ ಗುರುತು ಸಿಗುವುದು ಹೇಗೆ? ದಿನಾ ಹಳೆಯ ಇಡ್ಲಿ ತಿನ್ನುವವರು ಒಂಟಿಯೇ ಇರಬೇಕು ಎಂದು ಒಮ್ಮೊಮ್ಮೆ ಲೆಕ್ಕ ಹಾಕುತ್ತಿದ್ದೆ. ಆಮೇಲೆ ನಿನಗ್ಯಾಕೆ ಬೇಕು ಈ ಉಸಾಬರಿ ಎಂದು ನನ್ನನ್ನೇ ಗದರಿಸಿಕೊಳ್ಳುತ್ತಿದ್ದೆ. ಒಂದಂತೂ ನಿಜ. ಈ ಪ್ರಪಂಚದಲ್ಲಿ ನನ್ನ ತಿಂಡಿ ಆಯಿತೇ ಎಂದು ಕೇಳುತ್ತಿದ್ದವರು ಅವರೊಬ್ಬರೇ. ಕೆಲಸ ಹೋದರೆ ಹೊಟ್ಟೆಗೇನು ಎಂಬ ಚಿಂತೆ ಎಲ್ಲ ಕೂಗಾಳುಗಳಿಗೂ ಇತ್ತು. ನನಗೆ ಅದರ ಜೊತೆಗೆ ಇದೂ ಒಂದಿತ್ತು.

ಅಷ್ಟರಲ್ಲಿ ಚುನಾವಣೆ ಹತ್ತಿರ ಬಂತು. ನಮ್ಮೂರಿನಲ್ಲಿ ಪಕ್ಷಗಳ ಗುರುತು ಕಣ್ಣಿಗಲ್ಲ, ಕಿವಿಗೆ. ಆಳುತ್ತಿದ್ದವರದು ಗಂಟೆ, ಎದುರಿನವರದು ತಮಟೆ. ಬೆಳಗಾದರೆ ಮಂಜಿನೊಳಗೆ ಒಂದು ಕಡೆ ಢಣಢಣ, ಇನ್ನೊಂದು ಕಡೆ ಡಂಗುಡಂಗು. ಎರಡೂ ನನ್ನ ಸರ್ಕಲ್ಲಿನಲ್ಲಿ ಎದುರುಬದುರಾದ ದಿನ ನನ್ನ ಕೂಗು ನನಗೇ ಕೇಳಿಸುತ್ತಿರಲಿಲ್ಲ. ತಮಟೆಯವರು ಹೋದಲ್ಲೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಾವು ಬಂದ್ರೆ ಸರ್ಕಲ್ಲಿಗೊಂದು ಮಾತಾಡೋ ಡಬ್ಬಿ ಹಾಕ್ತೀವಿ. ಅದಕ್ಕೆ ನೆಗಡಿ ಇಲ್ಲ, ರಜಾ ಇಲ್ಲ, ಮುಷ್ಕರ ಇಲ್ಲ!" ಜನ ಚಪ್ಪಾಳೆ ತಟ್ಟಿದರು. ದಿನಾ ನನ್ನ ಕೂಗು ಹಿಡಿದು ದಾಟುವವರೇ ತಟ್ಟಿದ್ದು. ಚಪ್ಪಾಳೆಯ ನಡುವೆ ಮೇಷ್ಟರ ಕೆಮ್ಮು ನನಗೆ ಸ್ಪಷ್ಟವಾಗಿ ಕೇಳಿಸಿತು.

ತಮಟೆ ದೂರ ಹೋದ ಮೇಲೆ ನಾನು, "ಗಿರಣಿಯೋರೇ, ಕೇಳಿಸ್ತಾ?" ಎಂದೆ.

"ಕೇಳಿಸ್ತು."

"ನಿಜವಾಗ್ಲೂ ಹಾಕ್ತಾರಾ?"

"ಗೆದ್ರೆ ತಾನೇ? ನೀವು ಹೆದರ್ಕೋಬೇಡಿ. ತಿಂಡಿ ಆಯ್ತಾ?"

ಆ ದಿನ ಅದನ್ನು ಆಗಲೇ ಒಂದು ಸಲ ಕೇಳಿದ್ದರು. ಮತ್ತೆ ಕೇಳಿದ್ದರಿಂದ ಅವರಿಗೂ ಹೆದರಿಕೆಯಾಗಿದೆ ಎಂದು ನನಗೆ ತಿಳಿಯಿತು.

ಮಂಜು ಎದ್ದ ಒಂದು ಮಧ್ಯಾಹ್ನ ನಮ್ಮ ಕೂಗಾಳುಗಳ ಸಂಘದ ಸಭೆ ಸೇರಿತು. ಅಧ್ಯಕ್ಷರು ರುದ್ರಮುನಿ. ನಿವೃತ್ತ ಕೂಗಾಳು, ಕೂಗಿ ಕೂಗಿ ಗಂಟಲು ಪೂರ್ತಿ ಕೆಟ್ಟುಹೋದವರು, ಆದ್ದರಿಂದ ಅವರೊಬ್ಬರಿಗೆ ಹಗಲಿನಲ್ಲಿ ಮಾತಾಡುವ ಹಕ್ಕಿತ್ತು. ಅಷ್ಟು ನಿಶ್ಶಬ್ದವಾದ ಸಂಘದ ಸಭೆಯನ್ನು ನೀವೆಲ್ಲೂ ಕಂಡಿರಲಾರಿರಿ. ಊರಿನ ಕೂಗಾಳುಗಳೆಲ್ಲ ಮಫ್ಲರ್ ಸುತ್ತಿಕೊಂಡು ಕೂತಿದ್ದೆವು. ಸಿಟ್ಟು ಬಂದವರು ಕಾಲಿನಿಂದ ನೆಲ ಒದೆಯುತ್ತಿದ್ದರು, ಒಪ್ಪಿದವರು ತೊಡೆ ತಟ್ಟುತ್ತಿದ್ದರು. ರುದ್ರಮುನಿ ಹಾಜರಿ ಕರೆದರು. ಒಂದೊಂದೇ ಸರ್ಕಲ್ಲಿನ ಹೆಸರಿಗೆ ಒಂದೊಂದು ಕೈ ಮೇಲೆದ್ದಿತು. "ಗಿರಣಿ" ಅಂದಾಗ ನಾನು ತಲೆ ತಗ್ಗಿಸಿ ಕಾಲ ಬೆರಳು ನೋಡುತ್ತಾ ಕೂತೆ. ಕತ್ತೆತ್ತಿದ್ದರೆ ಮುಗಿದುಹೋಗುತ್ತಿತ್ತು, ಅಷ್ಟು ವರ್ಷ ಬರೀ ಕೇಳಿದ್ದವರನ್ನು ಕಣ್ಣಾರೆ ನೋಡಬಹುದಿತ್ತು. ಧೈರ್ಯ ಬರಲಿಲ್ಲ. ನೋಡಿದ ಮೇಲೆ ಮರುದಿನ ಬೆಳಿಗ್ಗೆ ಅದೇ ದನಿಯಲ್ಲಿ "ಆಯ್ತು, ನಿಮ್ದು?" ಎನ್ನಲು ನನ್ನಿಂದ ಆಗುತ್ತದೋ ಇಲ್ಲವೋ ಎಂಬ ಭಯ. ಮುಂದಿನ ಹೆಸರು "ಬಾವಿ." ಕೈ ಎತ್ತಿದೆ. ಅವರು ನೋಡಿದರೋ ಇಲ್ಲವೋ ಗೊತ್ತಿಲ್ಲ.

"ಗಂಟೆಯೋರು ಮಾತು ಕೊಟ್ಟಿದಾರೆ," ಎಂದರು ರುದ್ರಮುನಿ, ಹರಿದ ದನಿಯಲ್ಲಿ. "ನೀತಿ ಸಂಹಿತೆ ಬರೋಕ್ ಮುಂಚೆ ಕಂಠಪರೀಕ್ಷೆ ಮಾಡಿ ಮುಗಿಸ್ತಾರಂತೆ. ಗೆದ್ ತಕ್ಷಣ ಖಾಯಂ ಆದೇಶ. ಡಬ್ಬಿ ಗಿಬ್ಬಿ ಏನೂ ಇಲ್ಲ. ನಾವ್ ಮಾತ್ರ ಮನೆಮನೇಲೂ ಗಂಟೆಗೇ ಓಟು ಹಾಕಿಸ್ಬೇಕು, ಅಷ್ಟೇ." ಎಲ್ಲರೂ ತೊಡೆ ತಟ್ಟಿದೆವು. ತೊಡೆ ಉರಿಯುವಷ್ಟು ತಟ್ಟಿದೆವು.

ಕಂಠಪರೀಕ್ಷೆಯ ಹಿಂದಿನ ಬೆಳಿಗ್ಗೆ ಗಿರಣಿಯವರು ಮಾತಿಗೆ ಸಿಕ್ಕ ಸಂದಿಗಳಲ್ಲೆಲ್ಲ ನನಗೆ ಪಾಠ ಹೇಳಿದರು. "ಬಾವಿಯೋರೇ, ರಾತ್ರಿ ಮೊಸರು ಮುಟ್ಬೇಡಿ." ಹಾಲಿನವಳು ದಾಟಿದ ಮೇಲೆ, "ಜ್ಯೇಷ್ಠಮಧು ಕಡ್ಡಿ ಬಾಯಲ್ಲಿಟ್ಕೊಳಿ." ಮೇಷ್ಟರು ದಾಟಿದ ಮೇಲೆ, "ಅವ್ರ ಮುಖ ನೋಡ್ಬೇಡಿ. ಮಂಜಿದೆ ಅಂದ್ಕೊಂಡು ಕಣ್ ಮುಚ್ಕೊಂಡ್ ಕೂಗಿ."

"ನಿಮ್ಗೇನ್ ಯೋಚ್ನೆ ಇಲ್ವಾ?" ಎಂದೆ.

"ನಂದು ಒಡೆದ ಮಡಕೆ ಗಂಟ್ಲು. ನಿಮ್ದು ಹಂಗಲ್ಲ. ನಿಮ್ ದನಿ ಉಳೀಬೇಕು."

ಆ ಮಾತು ಕೇಳಿ ನಾಚಿಕೆಯಾಯಿತು. ಆ ವಯಸ್ಸಿನಲ್ಲಿ, ಯಾರಿಗೂ ಕಾಣದ ಮಂಜಿನೊಳಗೆ ನಿಂತು, ಸೆರಗಿನಿಂದ ಮುಖ ಮುಚ್ಚಿಕೊಂಡೆ.

ಪರೀಕ್ಷೆ ಕಚೇರಿಯ ಹಿಂದಿನ ಕೋಣೆಯಲ್ಲಿ ನಡೆಯಿತು. ಸಾಹೇಬರೊಬ್ಬರು ಮೇಜಿನ ಮೇಲೆ ಯಂತ್ರವೊಂದನ್ನು ಇಟ್ಟುಕೊಂಡು ಕೂತಿದ್ದರು. ತುಂಬಾ ಒಳ್ಳೆಯ ಮನುಷ್ಯ, ಕುಡಿಯಲು ಬಿಸಿನೀರು ತರಿಸಿಕೊಟ್ಟರು. "ನಿಮ್ಮ ಸರ್ಕಲ್ ಒಂದೇ ಅಲ್ಲಮ್ಮ, ಊರಿನ ಎಲ್ಲಾ ಸರ್ಕಲ್ಲಿನ ಕೂಗನ್ನೂ ಕೂಗ್ಬೇಕು," ಎಂದರು.

"ಎಲ್ಲಾದೂ ಯಾಕೆ ಸಾರ್?"

"ಖಾಯಂ ಆದ್ಮೇಲೆ ವರ್ಗಾವಣೆ ಇರುತ್ತಲ್ಲಮ್ಮ!"

ವರ್ಗಾವಣೆ ಎಂಬ ಪದ ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಖಾಯಂ ಆದವರಿಗೆ ಮಾತ್ರ ಬರುವ ಕಷ್ಟ ಅದು. ಕಣ್ಣು ಮುಚ್ಚಿದೆ. ಬಸ್ ನಿಲ್ದಾಣ ಕೂಗಿದೆ, ಕಸಾಯಿಖಾನೆ ಕೂಗಿದೆ, ಮಸೀದಿ ಸರ್ಕಲ್, ತೇರಬೀದಿ, ಹಳೇ ಜೈಲು, ಎಲ್ಲವನ್ನೂ ಕೂಗಿದೆ. ಗಿರಣಿ ಸರ್ಕಲ್ಲಿನ ಸರದಿ ಬಂದಾಗ, ಅವರು ದಿನಾ ಕೂಗುವ ಅದೇ ಮಾತುಗಳನ್ನು ನನ್ನ ಬಾಯಲ್ಲಿ ಹೇಳಬೇಕಾಯಿತು. "ಬನ್ನೀ, ಇದು ಗಿರಣಿ ಸರ್ಕಲ್. ಎಡಕ್ಕೆ ಮೋರಿ, ಹುಷಾರು. ಬಲಕ್ಕೆ ಗಿರಣಿ. ನೆಟ್ಟಗೆ ಹೋದ್ರೆ ಬಾವಿ." ದನಿ ತಾನಾಗಿಯೇ ಮೆತ್ತಗಾಯಿತು. ಸಾಹೇಬರು ಕಣ್ಣೆತ್ತಿ ನೋಡಿ, "ಇದು ಬಹಳ ಚೆನ್ನಾಗಿ ಬಂತು," ಎಂದರು.

ಗಂಟೆಯವರು ಗೆದ್ದರು. ಊರೆಲ್ಲ ಢಣಢಣ. ಗೆಲುವಿನ ಮೆರವಣಿಗೆ ನಮ್ಮ ಸರ್ಕಲ್ಲಿಗೆ ಬಂದ ಬೆಳಿಗ್ಗೆ, "ಗಿರಣಿಯೋರೇ, ಗೆದ್ವಿ!" ಎಂದು ನಾನು ಕೂಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ, ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ. ಗಂಟೆಯ ಸದ್ದು ಅಷ್ಟಿತ್ತು. ಇರಲಿ, ನಾಳೆ ಮಾತಾಡಿದರಾಯಿತು ಅಂದುಕೊಂಡೆ. ಮಧ್ಯಾಹ್ನ ಮಂಜು ಎದ್ದ ಮೇಲೆ ಹುಗ್ಗಿ ಮಾಡಿಕೊಂಡು ಒಬ್ಬಳೇ ತಿಂದೆ. ಹೊರಗೆ ಬೀದಿಯಲ್ಲಿ ಏಣಿ ಎಳೆದಾಡುವ ಸದ್ದು ಕೇಳಿಸುತ್ತಿತ್ತು. ಬಾವುಟ ಕಟ್ಟುತ್ತಿದ್ದಾರೆ ಅಂದುಕೊಂಡೆ, ನಮ್ಮೂರಿನಲ್ಲಿ ಬಾವುಟವೇ ಇಲ್ಲ ಎನ್ನುವುದು ಹೊಳೆಯಲಿಲ್ಲ.

ಮರುದಿನ ಎಂದಿನಂತೆ ಗೋಡೆ ಸವರಿಕೊಂಡು ಸರ್ಕಲ್ಲಿಗೆ ಬಂದೆ. ಹೆಜ್ಜೆ ಸಪ್ಪಳ ಕೇಳಿದವರ ಹಾಗೆ ಯಾರೋ ನನ್ನನ್ನು ಕರೆದರು. "ಬನ್ನೀ, ಇದು ಬಾವಿ ಸರ್ಕಲ್. ಎಡಕ್ಕೆ ಆಸ್ಪತ್ರೆ." ನನ್ನದೇ ದನಿ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ, ನನ್ನ ದನಿ ತಲೆಯ ಮೇಲಿನ ಕಂಬದಿಂದ ಕೂಗುತ್ತಿದೆ. ಕಟ್ಟೆ ಒಡೆದಿದೆ, ಹುಷಾರು ಎಂದು ನನಗೇ ಹೇಳುತ್ತಿದೆ. ಏನು ಮಾಡಬೇಕೆಂದು ತೋಚದೆ, "ಗಿರಣಿಯೋರೇ!" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ. ಬೀದಿಯ ಆ ತುದಿಯಿಂದ ಉತ್ತರ ಬಂತು. "ಬನ್ನೀ, ಇದು ಗಿರಣಿ ಸರ್ಕಲ್." ಅದೂ ನಾನೇ.

ಆದೇಶವನ್ನು ರುದ್ರಮುನಿಯೇ ನನ್ನ ಮನೆಗೆ ಬಂದು ಓದಿ ಹೇಳಿದರು. ಪರೀಕ್ಷೆಯಲ್ಲಿ ಆಯ್ಕೆಯಾದ ದನಿಯನ್ನು ಖಾಯಂ ಮಾಡಲಾಗಿದೆ, ಸಿಬ್ಬಂದಿಯನ್ನು ಸೇವೆಯಿಂದ ಬಿಡುಗಡೆ ಮಾಡಲಾಗಿದೆ. "ತಮಟೆಯೋರ ಡಬ್ಬೀನ ಗಂಟೆಯೋರು ಹಾಕುದ್ರು, ಅಷ್ಟೇ ವ್ಯತ್ಯಾಸ," ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು, "ನಿನ್ ತಪ್ಪಲ್ಲಮ್ಮ, ನಂಗೊತ್ತು. ಆದ್ರೆ ಬೆಳಗಾದ್ರೆ ಊರೆಲ್ಲ ನಿನ್ ದನೀನೇ. ಕೇಳಿದ್ ತಕ್ಷಣ ನಮ್ಮೋರಿಗೆ ಹೊಟ್ಟೆ ಉರಿಯುತ್ತೆ. ಸ್ವಲ್ಪ ದಿನ ಯಾರ್ ಮುಂದೂ ಬರ್ಬೇಡ," ಎಂದು ಹೇಳಿ ಹೋದರು.

ಇನ್ನು ಮೇಲೆ ಹಗಲಿನಲ್ಲಿ ಮಾತಾಡಬಹುದಿತ್ತು. ಗಂಟಲು ನನ್ನದೇ ಆಗಿತ್ತು. ಒಂದು ದಿನ ತರಕಾರಿ ಅಂಗಡಿಯಲ್ಲಿ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟು, "ಬದನೆಕಾಯಿ ಹೆಂಗಪ್ಪಾ?" ಎಂದೆ. ಅಂಗಡಿಯವನು ಬೆಚ್ಚಿ ಮೇಲೆ ನೋಡಿದ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಗಾಬರಿಯಿಂದ ಎಡಕ್ಕೆ ಸರಿದು ನಿಂತಳು. ಹಿಂದೆ ಯಾರೋ ಕಿಸಕ್ಕೆಂದು ನಕ್ಕು, "ಡಬ್ಬಿ ಸಂತೆಗೆ ಬಂದಿದೆ ಕಣ್ರೋ!" ಎಂದರು. ನಾನೂ ನಕ್ಕೆ. ಬದನೆಕಾಯಿ ತೆಗೆದುಕೊಳ್ಳದೆ ಮನೆಗೆ ಬಂದು ಅತ್ತೆ. ಅಂದಿನಿಂದ ಮತ್ತೆ ಬೆರಳು ತೋರಿಸುವುದಕ್ಕೆ ಶುರುಮಾಡಿದೆ. ಬೆಳಿಗ್ಗೆ ಕಿಟಕಿ ಮುಚ್ಚಿದರೂ ನನ್ನ ದನಿ ಒಳಗೆ ಬರುತ್ತಿತ್ತು. ದಾಟಿದವರು ಯಾರೂ ಅದಕ್ಕೆ ಹೆಸರು ಹೇಳುತ್ತಿರಲಿಲ್ಲ. ಡಬ್ಬಿಗೆ ಯಾರು ಹೇಳುತ್ತಾರೆ? ಮೇಷ್ಟರು ದಾಟಿದರೋ ಬಾವಿಗೆ ಬಿದ್ದರೋ ಎಂದು ನಾನು ಹಾಸಿಗೆಯಲ್ಲಿ ಕಿವಿ ಕೊಟ್ಟು ಕೂತಿರುತ್ತಿದ್ದೆ.

ಗಿರಣಿಯವರನ್ನು ಹುಡುಕಬಹುದಿತ್ತು. ರುದ್ರಮುನಿಯನ್ನು ಕೇಳಿದ್ದರೆ ಮನೆ ತೋರಿಸುತ್ತಿದ್ದರು. ಕೇಳಲಿಲ್ಲ. ಬೇರೆಯವರು ಬೈದುಕೊಂಡರೆ ತಡೆದುಕೊಳ್ಳಬಲ್ಲೆ. ಅವರ ಸರ್ಕಲ್ಲಿನಲ್ಲಿ, ಅವರ ಜಾಗದಲ್ಲಿ, ಅವರ ಮಾತುಗಳನ್ನೇ ನನ್ನ ದನಿ ಕೂಗುತ್ತಿತ್ತು. ಅದನ್ನು ಕೇಳಿ ಅವರೂ ಹೊಟ್ಟೆ ಉರಿದುಕೊಂಡಿದ್ದರೆ? ಅದು ಗೊತ್ತಾಗದೆ ಇರುವುದೇ ಮೇಲು ಎಂದು ದಿನ ದೂಡಿದೆ. ದೂಡಿ ದೂಡಿ ಒಂದು ಬೆಳಿಗ್ಗೆ ಇನ್ನು ಆಗುವುದಿಲ್ಲ ಅನ್ನಿಸಿತು. ಎಷ್ಟೋ ದಿನದಿಂದ ನಾನು ಒಬ್ಬರ ಹತ್ತಿರವೂ ಒಂದು ಮಾತೂ ಆಡಿರಲಿಲ್ಲ. ಆ ಸರ್ಕಲ್ಲಿನಲ್ಲಿ ಅವರು ಇರುವುದಿಲ್ಲ ಎಂದು ಗೊತ್ತಿದ್ದೂ, ಒಮ್ಮೆ ಹೋಗಿ ನಿಂತು ಬರೋಣ ಎಂದು ಹೊರಟೆ. ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಮಂಜಿನಲ್ಲಿ ನಾನು ಆ ಸರ್ಕಲ್ಲಿಗೆ ಹೋದವಳೇ ಅಲ್ಲ. ಆ ಹೊತ್ತಿನಲ್ಲಿ ನನಗೆ ಕೆಲಸವಿರುತ್ತಿತ್ತು.

ಬೀದಿ ಮುಗಿಯುತ್ತಾ ಬಂದಾಗ ಡಬ್ಬಿ ಕೂಗಿತು. "ಬನ್ನೀ, ಇದು ಗಿರಣಿ ಸರ್ಕಲ್. ಎಡಕ್ಕೆ ಮೋರಿ, ಹುಷಾರು." ಪರೀಕ್ಷೆಯ ದಿನ ಮೆತ್ತಗಾಗಿದ್ದ ದನಿ ಹಾಗೆಯೇ ಉಳಿದುಕೊಂಡಿತ್ತು. ಸಾರ್ವಜನಿಕರಿಗೆ ಕೂಗಿದ್ದಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಮುಖ ಬಿಸಿಯಾಯಿತು. ಡಬ್ಬಿ ಸುಮ್ಮನಾಯಿತು. ಆಗ ಮಂಜಿನೊಳಗಿಂದ, ಕಂಬದ ಬುಡದಿಂದ, ಒಂದು ದನಿ ಬಂತು.

"ಬಾವಿಯೋರೇ, ತಿಂಡಿ ಆಯ್ತಾ?"

ನನ್ನನ್ನು ಕಂಡು ಕೇಳಿದ್ದಲ್ಲ, ನಾನು ಅಲ್ಲಿದ್ದೇನೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಡಬ್ಬಿಯನ್ನು ಕೇಳಿದ್ದು. ಉತ್ತರಕ್ಕೆ ಎಷ್ಟು ಹೊತ್ತು ಬಿಡಬೇಕೋ ಅಷ್ಟು ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. "ನಂದೂ ಆಗ್ಬೇಕು. ಇಡ್ಲಿ ತಂದಿದೀನಿ. ನೆನ್ನೇದಲ್ಲ ಇವತ್ತು, ಬಿಸೀದೇ." ಮತ್ತೆ ಬಿಡುವು. "ಮೇಷ್ಟ್ರು ದಾಟುದ್ರು. ಕೆಮ್ಮು ಕಮ್ಮಿ ಆಗಿಲ್ಲ, ಪಾಪ." ಅಷ್ಟರಲ್ಲಿ, ಜನ ಇರಲಿ ಬಿಡಲಿ ಆಗಾಗ ಕೂಗುವ ಡಬ್ಬಿಯ ಸರದಿ ಬಂತು. ಎಡಕ್ಕೆ ಮೋರಿ, ಬಲಕ್ಕೆ ಗಿರಣಿ, ನೆಟ್ಟಗೆ ಹೋದರೆ ಬಾವಿ ಎಂದಿತು. ಅವರು ಅದರ ಮಾತು ಮುಗಿಯುವವರೆಗೆ ಸುಮ್ಮನಿದ್ದು, "ಗೊತ್ತು ಬಿಡಿ, ಬಾವಿ ಇರೋದು ಗೊತ್ತು," ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ನೀವ್ ತಿಂಡಿ ತಿಂದ್ರೋ ಇಲ್ವೋ ಅಂತ ಹೇಳೋಲ್ವಲ್ಲ," ಎಂದರು.

ನನಗೆ ಹಿಂದಕ್ಕೆ ಓಡಿಹೋಗಬೇಕು ಅನ್ನಿಸಿತು. ಬಾಯಿ ಬಿಟ್ಟರೆ ದನಿ ಬರುತ್ತದೋ ಇಲ್ಲವೋ, ಬಂದರೂ ಅದು ಡಬ್ಬಿಯದೇ ಅಂದುಕೊಂಡರೆ ಏನು ಗತಿ? ಮಫ್ಲರ್ ಸಡಿಲ ಮಾಡಿಕೊಂಡೆ.

"ಇನ್ನೂ ಇಲ್ಲ, ಗಿರಣಿಯೋರೇ," ಎಂದೆ.

ಪಾತ್ರೆಯೊಂದರ ಮುಚ್ಚಳ ನೆಲಕ್ಕೆ ಬಿದ್ದು ಉರುಳಿದ ಸದ್ದಾಯಿತು. ಉರುಳಿ ಉರುಳಿ ಎಲ್ಲೋ ನಿಂತಿತು. ಅವರು ಮೇಲೆ ಕಂಬದ ಕಡೆ ನೋಡುತ್ತಿದ್ದರೋ, ನನ್ನ ಕಡೆ ತಿರುಗಿದ್ದರೋ, ಮಂಜಿನಲ್ಲಿ ಕಾಣಲಿಲ್ಲ.

"ಯಾರದು?" ಎಂದರು.

"ದಾಟೋರು."

ಅವರು ಒಮ್ಮೆ ಗಂಟಲು ಸರಿಮಾಡಿಕೊಂಡರು. ಆಮೇಲೆ, ಕೆಲಸ ಹೋದ ಮೇಲೆ ಅದೇ ಮೊದಲ ಸಲ ಇರಬೇಕು, ಕೂಗಿದರು. ಒಡೆದ ಗಂಟಲೇ, ಆದರೆ ಒಂದು ಅಕ್ಷರವೂ ನಡುಗಲಿಲ್ಲ. "ಬನ್ನೀ, ಇದು ಗಿರಣಿ ಸರ್ಕಲ್. ಎಡಕ್ಕೆ ಮೋರಿ, ಹುಷಾರು. ನೆಟ್ಟಗೆ ಬನ್ನಿ. ನೆಟ್ಟಗೆ."

ನಾನು ಗೋಡೆ ಬಿಟ್ಟು ಆ ಕೂಗು ಹಿಡಿದು ನಡೆದೆ. ಮೋರಿಯ ನೀರು ಎಡಕ್ಕೆ ಹರಿಯುತ್ತಿದ್ದುದು ಕೇಳಿಸಿತು. ಇಡ್ಲಿಯ ವಾಸನೆ ಹತ್ತಿರವಾಯಿತು. ಕೂಗಾಳು ಕೂಗಿದ ಮೇಲೆ ದಾಟಿದವರು ಹೆಸರು ಹೇಳಬೇಕು. ಅವರಿಗೆ ನಾನು ಯಾವತ್ತೂ ಹೆಸರು ಹೇಳಿರಲಿಲ್ಲ.

"ನಾನು ಓಂಕಾರಮ್ಮ," ಎಂದೆ. "ದಾಟ್ದೆ."

ಅವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ತಲೆಯ ಮೇಲೆ ಡಬ್ಬಿ ಶುರುವಾಯಿತು. ಅದು ಮುಗಿಯಲಿ ಎಂದು ನಾವಿಬ್ಬರೂ ಕಾದೆವು.